ಎಡಗಡೆಯ ಗಿಟಾರ್

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಒಂದು ಫೋಟೊ ಸ್ಟುಡಿಯೊದಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮದುವೆ, ತೊಟ್ಟಿಲು, ಮಾಸ್ತರರ ನಿವೃತ್ತಿ, ಯಾವ ಕಾರ್ಯವೇ ಇರಲಿ, ಕ್ಯಾಮೆರಾದವರು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಪೆನ್‌ಡ್ರೈವಿಗೆ ತುಂಬಿ ಕೊಡುವುದು ನನ್ನ ಪಾಲಿನ ಕೆಲಸ. ಮಾಲಕರನ್ನು ನಾನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ಬೇಟಿ ಎನ್ನುತ್ತಾರೆ. ಹುಡಗಿ ಎಂಬ ನಮ್ಮೂರಿನಿಂದ ಮುಂಜಾನೆ ಟಂಟಂ ಆಟೊ ಹತ್ತಿದರೆ ಒಂಬತ್ತೂವರೆಗೆ ಶಟರ್ ಎತ್ತುವ ಹೊತ್ತಿಗೆ ನಾನು ಅಲ್ಲಿರುತ್ತೇನೆ.

ಹಾಡಿನ ಕೆಲಸ ನನಗೆ ಅಂಟಿಕೊಂಡದ್ದು ಮದುವೆಯವರಿಂದಲೇ. ಸಿನಿಮಾ ಹಾಡು ಕೇಳಿ ಕೇಳಿ ಬೇಜಾರಾದ ಮನೆಯವರು ಬಂದು, "ಹಾಡು ನಮ್ಮ ಕಡೀದೇ ಇರ್ಲಿ, ಆದ್ರ ಮಂದಿ ಕುಣಿಯೋಹಂಗ ಇರ್ಲಿ" ಎನ್ನುತ್ತಿದ್ದರು. ನಮ್ಮ ಕಡೆಯ ಹಾಡುಗಳೇನೂ ಕಡಿಮೆ ಇರಲಿಲ್ಲ. ಬೀಸುವಾಗ, ಕಳೆ ತೆಗೆಯುವಾಗ ಹಾಡುತ್ತಿದ್ದ ಧಾಟಿಗಳಿಗೆ ಹೊಸ ಮಾತು ಕೂಡಿಸಿ, ಒಂದು ಗಿಟಾರೋ ಹಾರ್ಮೋನಿಯಮ್ಮೋ ಇಟ್ಟುಕೊಂಡು ಹಾಡಿ ಮೊಬೈಲಿನಲ್ಲಿ ಹರಿಬಿಡುವವರು ಹಳ್ಳಿ ಹಳ್ಳಿಗೂ ಇದ್ದರು. ಅವು ಕುಂತು ಕೇಳುವ ಹಾಡುಗಳು. ಬರಾತಿನ ಮೆರವಣಿಗೆಯ ಮುಂದೆ ಹಾಕಿದರೆ ಕುಣಿಯಲು ಬಂದವರು ಕಟ್ಟೆಗೆ ಒರಗಿ ನಿಂತುಬಿಡುತ್ತಿದ್ದರು. ಒಂದು ದಿನ ಚಾಚಾ, "ಬೇಟಿ, ಇದಕ್ಕ ಜರಾ ಧೂಮ್‌ಧಾಮ್ ಹಚ್ಚು ನೋಡೋಣ" ಎಂದರು. ವಿಡಿಯೊ ನೋಡಿ ಕಲಿತೆ. ಹಾಡಿನ ವೇಗ ಹೆಚ್ಚಿಸುವುದು, ಅಡಿಯಲ್ಲಿ ಕಂಪ್ಯೂಟರಿನ ಡ್ರಮ್ಮು ಕೂಡಿಸುವುದು, ಒಂದು ಮಾತನ್ನು ತುಂಡು ಮಾಡಿ ಮತ್ತೆ ಮತ್ತೆ ಬಡಿಯುವುದು, ಎಲ್ಲವೂ ಬಂತು. ವರ್ಷ ಎರಡು ವರ್ಷದಲ್ಲಿ ರಿಮಿಕ್ಸ್ ಎಂದರೆ ನಮ್ಮ ಅಂಗಡಿ ಎಂದು ಸುತ್ತಲಿನ ಡಿಜೆ ಗಾಡಿಯವರು ಹೇಳುವಷ್ಟಾಯಿತು. ಪ್ರತಿ ಹಾಡಿನ ಮೊದಲಿಗೆ ಅಂಗಡಿಯ ಹೆಸರನ್ನು ನನ್ನ ದನಿಯಲ್ಲೇ ಹೇಳಿಸಿ ಸೇರಿಸಬೇಕೆಂಬುದು ಚಾಚಾನ ಹಟ. ಅದಕ್ಕೂ ಒಪ್ಪಿದ್ದೆ.

ನನ್ನ ಎಡಗಿವಿ ಕೇಳಿಸುವುದಿಲ್ಲ. ಏಳು ವರ್ಷದವಳಿದ್ದಾಗ ಜ್ವರ ಬಂದು ಹೋದ ಮೇಲೆ ಹಾಗಾಯಿತು. ಕೆಲಸಕ್ಕೆ ಸೇರುವಾಗ ಹೇಳಲಿಲ್ಲ. ಕಿವಿ ಕೇಳದವಳಿಗೆ ಹಾಡಿನ ಕೆಲಸ ಯಾರು ಕೊಡುತ್ತಾರೆ? ಆಮೇಲೆ ಹೇಳುವ ಹೊತ್ತು ಮೀರಿತು ಅನಿಸಿತು. ಮಾತಾಡುವವರು ನನ್ನ ಬಲಕ್ಕೇ ಇರುವಂತೆ ನೋಡಿಕೊಳ್ಳುತ್ತಿದ್ದೆ. ಕಿವಿಗೆ ಹಾಕುವ ಹೆಡ್‌ಫೋನಿನ ಎಡಭಾಗ ಕೆಟ್ಟು ವರ್ಷಗಳಾಗಿದ್ದರೂ ನನಗೆ ಅದರ ಗೊಡವೆ ಇರಲಿಲ್ಲ. ಡ್ರಮ್ಮಿನ ಪೆಟ್ಟನ್ನು ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಅಳೆಯುತ್ತಿದ್ದೆ. ಯಾವ ಹಾಡನ್ನು ತೆರೆದರೂ ಅದರ ಬಲಗಡೆಯ ಸದ್ದನ್ನು ಮಾತ್ರ ತೆಗೆದುಕೊಂಡು ಅದನ್ನೇ ಎರಡೂ ಕಡೆಗೆ ಹಾಕುವಂತೆ ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೆ. ಹೆಚ್ಚಿನ ಹಾಡುಗಳಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಯಾರಿಗೂ ಗೊತ್ತಾಗಿರಲಿಲ್ಲ.

ಹೀಗಿರುವಾಗ ಬಸವಕಲ್ಯಾಣದ ಕಡೆಯ ಒಂದು ಮದುವೆಯವರು ಒಂದು ಹಾಡು ತಂದುಕೊಟ್ಟರು. ಹಾಡಿದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಹೆಂಗಸಿನ ದನಿ. ಎಳೆಯದಲ್ಲ, ಬಿಸಿಲಲ್ಲಿ ಕೂಗಿ ಕೂಗಿ ಪಳಗಿದ ದನಿ. ಸಂತೆಯಿಂದ ಬಂದ ಗಂಡನನ್ನು ಹೆಂಡತಿ ತಡೆದು ಕೇಳುವ ಹಾಡು. "ಸಂತ್ಯಾಗಿಂದ ಬಂದಿ, ನನಗೇನ ತಂದಿ? ಹಸರ ಬಳಿ ತಂದ್ಯಾ? ಕೆಂಪ ಕುಬಸ ತಂದ್ಯಾ?" ಎಂದು ಕೇಳುತ್ತ ಹೋಗಿ ಕಡೆಗೆ, "ಹೋಗಲಿ, ನೀ ಹೊಟ್ಟಿಗಿ ಉಂಡು ಬಂದ್ಯಾ?" ಎನ್ನುತ್ತಾಳೆ. ಒಂದೊಂದು ಪ್ರಶ್ನೆಯಾದ ಮೇಲೂ ನಾಲ್ಕು ಪೆಟ್ಟಿನಷ್ಟು ಖಾಲಿ ಜಾಗ. ಆ ಖಾಲಿಯಲ್ಲಿ ಎಲ್ಲೋ ದೂರದಲ್ಲಿ ತಂತಿ ಅಲುಗಿದಂಥ ಸದ್ದಿತ್ತು. ಗಾಳಿಗೆ ಏನೋ ಅಲ್ಲಾಡಿರಬೇಕೆಂದು ಅದನ್ನು ಒರೆಸಿ ಹಾಕಿದೆ. ನನ್ನಂಥವಳಿಗೆಂದೇ ಜಾಗ ಬಿಟ್ಟಿದ್ದಾರೆ ಎಂದು ಖುಷಿಪಟ್ಟು ಅಲ್ಲೆಲ್ಲ ಡ್ರಮ್ಮು, ಸೀಟಿ, "ತಂದಿ ತಂದಿ ತಂದಿ" ಎಂಬ ಮಾರ್ದನಿ ತುಂಬಿದೆ.

ಆ ಹಾಡು ಓಡಿತು. ಆ ಮದುವೆಯಿಂದ ಇನ್ನೊಂದು ಮದುವೆಗೆ, ಅಲ್ಲಿಂದ ಟ್ರ್ಯಾಕ್ಟರಿಗೆ, ಆಟೊಕ್ಕೆ. ಒಮ್ಮೆ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕಬ್ಬಿನಹಾಲಿನ ಗಾಡಿಯಲ್ಲಿ ಅದೇ ಹಾಡು. ಹಾಲು ಹಿಂಡುವವನು ನನ್ನ ಡ್ರಮ್ಮಿಗೆ ತಕ್ಕಂತೆ ಕಬ್ಬು ನೂಕುತ್ತಿದ್ದ. ಎರಡು ಗ್ಲಾಸು ಕುಡಿದು ಅಲ್ಲೇ ನಿಂತು ಹಾಡು ಮುಗಿಯುವವರೆಗೂ ಕೇಳಿದೆ. ಅಷ್ಟು ಹೆಮ್ಮೆ.

ಅದಾಗಿ ತಿಂಗಳೊಪ್ಪತ್ತಿಗೆ, ಒಂದು ಮಧ್ಯಾಹ್ನ, ಗಂಡ ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಹೆಂಡತಿಗೆ ನಲವತ್ತರ ಹತ್ತಿರ ಇರಬಹುದು. ಗಂಡನ ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ. ಅವನ ಬೆನ್ನಿಗೆ ಹಳೆ ಸೀರೆಯಿಂದ ಹೊಲಿದ ಉದ್ದನೆಯ ಚೀಲ.

"ಈ ಸಂತಿ ಹಾಡು ಇಲ್ಲೇ ಮಾಡೀರೇನ್ರಿ? ಮೊದಲಿಗಿ ಇದೇ ಅಂಗಡಿ ಹೆಸರು ಬರ್ತದ," ಎಂದು ಆಕೆ ಕೇಳಿದಳು.

"ಹೌದ್ರಿ ಅಕ್ಕ, ನಾನೇ ಮಾಡಿದ್ದು," ಎಂದೆ. ಹೊಗಳಲು ಬಂದಿದ್ದಾರೆಂದೇ ತಿಳಿದೆ.

"ಹಾಡಿದಾಕಿ ನಾ."

ನಾನು ಎದ್ದು ನಿಂತೆ. ಕುರ್ಚಿ ಸರಿಸಿದೆ. ಆಕೆ ಕೂತಳು, ಗಂಡ ಕೂರಲಿಲ್ಲ. ನಿಂತಲ್ಲಿಂದಲೇ ನನ್ನನ್ನು ನೋಡುತ್ತ ಕೇಳಿದ. "ಗಿಟಾರ್ ಎಲ್ಲಿ ಹೋತ್ರಿ?"

"ಯಾವ ಗಿಟಾರ್ ಅಣ್ಣಾ?"

ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಆದರೆ ಆ ಮಾತಿಗೆ ಅವನ ಮುಖ ಹೇಗಾಯಿತೆಂದರೆ, ಇವತ್ತು ನೆನೆದರೂ ನನಗೆ ನಾಚಿಕೆಯಾಗುತ್ತದೆ. ಹೆಂಡತಿಯೇ ಮಾತು ತೆಗೆದುಕೊಂಡಳು.

"ಮೂರು ತಿಂಗಳ ಕುಂತು ಕೂಡಿಸ್ಯಾರ ಅವರು. ಹಾಡಿನಾಗ ನಾ ಕೇಳತೀನಿ, ಅವರು ಬಾಯಿಲೆ ಹೇಳೂದಿಲ್ಲ, ಗಿಟಾರಿಲೆ ಹೇಳತಾರ. ಅದೇ ಹಾಡು. ಈಗ ನೋಡಿದ್ರ ನಾ ಒಬ್ಬಾಕಿನೇ ಗ್ವಾಡಿಗಿ ಕೇಳಾಕತ್ತಂಗ ಆಗ್ಯಾದ."

ಅವರು ಮಂಠಾಳದವರು. ಆಕೆ ಹೊಲದ ಕೂಲಿಗೆ ಹೋಗುವವಳು, ಅವನು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜಿನಲ್ಲಿ ಮೇಸ್ತ್ರಿ. ಅವರ ಓಣಿಯ ಬುದ್ಧ ವಿಹಾರದ ಹಾಡಿನ ತಂಡದಲ್ಲಿ ಚಿಕ್ಕಂದಿನಿಂದ ಇದ್ದವನು, ಅಲ್ಲೇ ಗಿಟಾರ್ ಹಿಡಿದವನು. ಪುಣೆಯಿಂದ ರಜೆಗೆ ಬಂದ ಸಂಬಂಧಿಕನೊಬ್ಬ ಎರಡು ಮೈಕು ಇಟ್ಟು, ಒಂದರಲ್ಲಿ ಆಕೆಯ ದನಿ, ಒಂದರಲ್ಲಿ ಅವನ ಗಿಟಾರು ಹಿಡಿದು, ಒಂದನ್ನು ಬಲಗಡೆಗೆ, ಇನ್ನೊಂದನ್ನು ಎಡಗಡೆಗೆ ಹಾಕಿ ಕೊಟ್ಟಿದ್ದ. ರಿಮಿಕ್ಸ್ ಊರೂರು ಸುತ್ತಿದ ಮೇಲೆ ಗ್ಯಾರೇಜಿನವರು ಇವನನ್ನು ಆಡಿಕೊಂಡರಂತೆ. "ನಾನೂ ಇದರಾಗ ಬಾರಿಸೀನಿ ಅಂತಿದ್ದ್ಯಲ್ಲ, ಎಲ್ಲಿ ಕೇಳಸು" ಎಂದು. ಅಷ್ಟೇ ಅಲ್ಲ, ಒಂದು ಕಾರ್ಯಕ್ರಮದವರು ಆಕೆಯೊಬ್ಬಳನ್ನೇ ಕರೆದು, ಗಿಟಾರ್ ಬೇಕಾಗಿಲ್ಲ ಎಂದಿದ್ದರಂತೆ. ಆಕೆ ಹೋಗಲಿಲ್ಲ. ಬದಲಿಗೆ ಗಂಡನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು.

ಅವನು ಮೊಬೈಲು ತೆಗೆದು ಮೂಲ ಹಾಡನ್ನು ಹಚ್ಚಿದ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಎಡ ಬಲ ಎರಡೂ ಒಂದಾಗಿ ಬರುತ್ತವೆ. ಆಗ ನಾನು ಮೊದಲ ಸಲ ಆ ಗಿಟಾರನ್ನು ಕೇಳಿದೆ.

ಬಳೆಯ ಪ್ರಶ್ನೆಗೆ ಅದು ನಗೆಯಾಡುತ್ತ ಜಾರಿಕೊಂಡಿತು. ಕುಬುಸದ ಪ್ರಶ್ನೆಗೆ ಏನೋ ನೆಪ ಹೇಳಿದಂತೆ ತಡವರಿಸಿತು. ಕಡೆಯಲ್ಲಿ "ಉಂಡು ಬಂದ್ಯಾ" ಎಂದು ಆಕೆ ಕೇಳಿದಾಗ ಒಂದೇ ಒಂದು ತಂತಿ, ಮೆಲ್ಲಗೆ, ಇಲ್ಲ ಎಂದಿತು. ಇಷ್ಟು ದಿನ ನಾನು ಖಾಲಿ ಎಂದುಕೊಂಡ ಜಾಗದಲ್ಲಿ ಒಬ್ಬ ಮನುಷ್ಯ ಕೂತಿದ್ದ. ನಾನು ಅವನ ಮೇಲೆ ಡ್ರಮ್ಮು ಹೇರಿದ್ದೆ.

ಮಾತು ಕೇಳಿ ಚಾಚಾ ಒಳಗಿನಿಂದ ಬಂದರು. ನನ್ನ ಪರ ನಿಲ್ಲುವುದು ಅವರಿಗೆ ರೂಢಿ. "ಅರೇ ಭಾಯಿ, ನಮ್ಮ ಹುಡಿಗಿ ಕೆಲಸದಾಗ ಗಲತಿ ಇರೋದಿಲ್ಲ. ನಿಮ್ಮ ಫೈಲೇ ಖರಾಬ್ ಇರಬೇಕು," ಎಂದರು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಬ್ಬರೂ ಹೊರಟು ಹೋಗುತ್ತಿದ್ದರು.

"ಇಲ್ಲ ಚಾಚಾ, ಫೈಲ್ ಬರೋಬರ್ ಅದ. ಗಿಟಾರ್ ಎಡಗಡೆ ಇತ್ತು. ನನಗ ಎಡಗಿವಿ ಕೇಳೂದಿಲ್ಲ," ಎಂದೆ.

ಚಾಚಾ ಕನ್ನಡಕ ತೆಗೆದು ಒರೆಸಿದರು. "ಎಷ್ಟೋ ಸಲ ಕರದ್ರೂ ಓ ಅನ್ನತಿದ್ದಿಲ್ಲ ನೀ. ಸೊಕ್ಕಿನ ಹುಡಿಗಿ ಅಂದ್ಕೊಂಡಿದ್ದೆ," ಎಂದರು. ಬೈಗುಳದ ದನಿಯಲ್ಲ ಅದು. ತಮ್ಮ ಮೇಲೆ ತಾವೇ ಬೇಸರಪಟ್ಟುಕೊಂಡವರ ದನಿ.

ಗಿಟಾರಿನವನು ಇನ್ನೂ ನಿಂತೇ ಇದ್ದ. "ಹುಟ್ಟಿದಾಗಿಂದಾ?" ಎಂದ.

"ಇಲ್ರಿ, ಏಳು ವರ್ಷದಾಕಿ ಇದ್ದಾಗಿಂದ."

ಅವನು ಬೆನ್ನಿನ ಚೀಲ ಇಳಿಸಿದ. ನನ್ನ ಎಡಕ್ಕಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ಬಲಕ್ಕಿಟ್ಟು ಕೂತ. "ಹಂಗಾದ್ರ ಈ ಕಡಿ ಕುಂದರತೀನಿ, ಕೇಳ್ರಿ," ಎಂದು ಗಿಟಾರ್ ತೆಗೆದ. ಅವನ ಬೆರಳಿನ ಗೆರೆಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಇತ್ತು. ಬಾರಿಸತೊಡಗಿದ, ಹೆಂಡತಿ ಮೆಲ್ಲಗೆ ಹಾಡಿದಳು. ನಾನು ಆಲಿಸಿ, ಗಿಟಾರಿನ ಕಟ್ಟಿಗೆಯ ಮೇಲೆ ಅಂಗೈ ಇಡಲೇ ಎಂದು ಕೇಳಿದೆ. ಅವನು ತಲೆಯಾಡಿಸಿದ. ಕಟ್ಟಿಗೆ ಒಳಗಿಂದ ನಡುಗುತ್ತಿತ್ತು. ನನಗೆ ಅಳು ಬಂತು. ಆಕೆ ಹಾಡು ನಿಲ್ಲಿಸದೆ ಸೆರಗಿನ ತುದಿ ನನ್ನ ಕಡೆ ಚಾಚಿದಳು.

"ತಪ್ಪಾತು ಅಣ್ಣಾ. ನಿಮ್ಮನ್ನ ಕೇಳದೇ ಮಾಡಿದ್ದೂ ತಪ್ಪು," ಎಂದೆ. "ಅದನ್ನ ತಗದುಬಿಡತೀನಿ."

"ಊರ ತುಂಬ ಹೋಗ್ಯಾದ, ಎಲ್ಲಿಂದ ತಗೀತೀರಿ?" ಎಂದ ಅವನು. ಆಮೇಲೆ ನಾನು ನಿರೀಕ್ಷಿಸದ ಮಾತು ಹೇಳಿದ. "ಖರೆ ಹೇಳ್ಬೇಕಂದ್ರ ನಿಮ್ಮ ಧಡಧಡ ನನಗ ಛಲೋ ಅನಸ್ತು. ಅದರಾಗ ನಾ ಇಲ್ಲ, ಅಷ್ಟೇ."

ಮುಂದಿನ ಭಾನುವಾರ ಅವರು ಮತ್ತೆ ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಬಂದಿದ್ದರು. ಚಾಚಾ ಚಹಾ ತರಿಸಿದರು. ನಾವು ಹಾಡನ್ನು ಮೊದಲಿಂದ ಕಟ್ಟಿದೆವು. ಪ್ರಶ್ನೆಯವರೆಗೆ ಡ್ರಮ್ಮು ಬಡಿದು, ಪ್ರಶ್ನೆ ಬಂದೊಡನೆ ಎಲ್ಲವನ್ನೂ ನಿಲ್ಲಿಸಿ, ನಾಲ್ಕು ಪೆಟ್ಟಿನಷ್ಟು ಕಾಲ ಬರೀ ಗಿಟಾರ್ ಬಿಡುವುದು ನನ್ನ ವಿಚಾರ. ಚಾಚಾಗೆ ಅದು ಹಿಡಿಸಲಿಲ್ಲ. "ಬೀಟ್ ನಿಂತ್ರ ಮಂದಿ ನಿಲ್ಲತಾರ ಬೇಟಿ. ಬರಾತ್ ಅಂದ್ರ ನಡೀತಾ ಇರಬೇಕು," ಎಂದರು. ಒಂದು ಸಲ ಹಾಗೆ ಹಾಕಿ ನೋಡೋಣ ಎಂದು ಅವರನ್ನು ಒಪ್ಪಿಸಿದೆ. ಗಿಟಾರಿನವನು ಮೂಲದಲ್ಲಿದ್ದಷ್ಟು ಮೆತ್ತಗೆ ಬಾರಿಸಿದರೆ ಡ್ರಮ್ಮಿನ ಮುಂದೆ ಗಿಟಾರ್ ಸಣ್ಣದಾಗುತ್ತದೆಂದು ತಾನೇ ಕಂಡುಕೊಂಡ. ಕಿಸೆಯಿಂದ ನಾಣ್ಯ ತೆಗೆದು ಅದರಿಂದ ತಂತಿ ಮೀಟಿದ. ನಡುನಡುವೆ ಗಿಟಾರಿನ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಹೊಡೆದ. ಆ ಹೊಡೆತವನ್ನೇ ತೆಗೆದು, ದಪ್ಪ ಮಾಡಿ, ಹಾಡಿನುದ್ದಕ್ಕೂ ಡ್ರಮ್ಮಿನ ಜೊತೆ ಬಿಟ್ಟೆ. "ಇದು ನಾನಾ?" ಎಂದು ಅವನು ಸ್ಪೀಕರನ್ನು ನೋಡುತ್ತ ನಕ್ಕ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಹಾಡುವ ಅಕ್ಕ ಹೊಸ ಹೆಡ್‌ಫೋನ್ ಹಾಕಿಕೊಂಡು ಹೇಳಿದಳು. "ಈ ಕಿವ್ಯಾಗ ಸೀಟಿ ಭಾಳ ಚುಚ್ಚತದ ತಂಗಿ, ಜರಾ ಇಳಸು" ಎನ್ನುತ್ತಿದ್ದಳು, ನಾನು ಇಳಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ "ರಿ" ಹೋಗಿ ನಾನು ಆಕೆಯ ತಂಗಿಯಾಗಿದ್ದೆ.

ಹೊಸ ಹಾಡು ಮೊದಲು ಹೊರಬಿದ್ದದ್ದು ಬಸವಕಲ್ಯಾಣದ ಒಂದು ಮದುವೆಯಲ್ಲಿ. ಕ್ಯಾಮೆರಾದವರ ಜೊತೆ ನಾನೂ ಹೋಗಿದ್ದೆ, ಅವರಿಬ್ಬರನ್ನೂ ಬರಹೇಳಿದ್ದೆ. ಹನ್ನೊಂದು ಗಂಟೆಯ ಬಿಸಿಲು. ಡಿಜೆ ಗಾಡಿ ಕಲ್ಯಾಣ ಮಂಟಪದ ಗೇಟಿನ ಮುಂದೆ ನಿಂತಿತ್ತು. ಹಾಡು ಶುರುವಾದೊಡನೆ ಜನ ಗುರುತು ಹಿಡಿದು ಹೋ ಎಂದು ಕುಣಿಯತೊಡಗಿದರು. "ನನಗೇನ ತಂದಿ?" ಬಂತು. ಡ್ರಮ್ಮು ನಿಂತಿತು. ಕುಣಿಯುವವರೂ ನಿಂತರು. ಎತ್ತಿದ ಕೈ ಎತ್ತಿದ ಹಾಗೆಯೇ. ಗಾಡಿಯವನು ವೈರು ಕಿತ್ತುಹೋಯಿತೇನೋ ಎಂದು ಹಿಂದೆ ಬಗ್ಗಿ ನೋಡಿದ. ನಾಲ್ಕು ಪೆಟ್ಟಿನಷ್ಟು ಗಿಟಾರ್ ಮುಗಿದು ಡ್ರಮ್ಮು ಮತ್ತೆ ಬಂತು, ಜನ ಅನುಮಾನದಿಂದಲೇ ಕುಣಿದರು.

ಬಳೆಯ ಪ್ರಶ್ನೆ ಬಂದಾಗ ಮದುಮಗಳ ಸೋದರತ್ತೆ ಎಂದು ಆಮೇಲೆ ಗೊತ್ತಾದ ಒಬ್ಬ ಹಿರಿ ಹೆಂಗಸು, ಸೊಂಟಕ್ಕೆ ಕೈಯಿಟ್ಟು ತಿರುಗಿ, ಬರಿಗೈ ಎತ್ತಿ ತನ್ನ ಗಂಡನಿಗೆ ತೋರಿಸಿದಳು. ಗಿಟಾರ್ ನಗೆಯಾಡುತ್ತ ಜಾರಿಕೊಳ್ಳುವುದಕ್ಕೆ ಸರಿಯಾಗಿ ಆ ಮನುಷ್ಯ ಕಿಸೆ ತಡಕಿಕೊಂಡ. ಎಲ್ಲರೂ ನಕ್ಕುಬಿಟ್ಟರು. ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಕುಬುಸದ ಪ್ರಶ್ನೆಗೆ ಹೆಂಗಸರೆಲ್ಲ ಒಂದು ಕಡೆಯಾದರು, ಗಂಡಸರು ಇನ್ನೊಂದು ಕಡೆ. "ಉಂಡು ಬಂದ್ಯಾ" ಎಂದಾಗ ಹೆಂಗಸರೆಲ್ಲ ಹಾಡಿನ ಜೊತೆ ತಾವೇ ಕೇಳಿದರು. ಆ ಒಂಟಿ ತಂತಿ ಅಷ್ಟು ದೊಡ್ಡ ಸ್ಪೀಕರುಗಳಿಂದ ಮೆಲ್ಲಗೆ ಹೊರಬಂತು, ರಸ್ತೆಯೆಲ್ಲ ಸುಮ್ಮನಿತ್ತು. ಗಾಡಿಯವನು ಹಾಡನ್ನು ಮತ್ತೆ ಮೊದಲಿನಿಂದ ಹಾಕಬೇಕಾಯಿತು.

ಗೇಟಿನ ಬದಿಯಲ್ಲಿ ಅವರಿಬ್ಬರೂ ನಿಂತಿದ್ದರು. ಅಕ್ಕ ಗಂಡನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅಳುತ್ತಿದ್ದಾನೇನೋ ಎಂದು ಓಡಿ ಹೋದೆ. ನಗುತ್ತಿದ್ದ. "ನಾಣ್ಯಾ ಹಚ್ಚಿದ್ದು ಛಲೋ ಆತು ನೋಡ್ರಿ," ಎಂದ. ಅಷ್ಟೇ ಅವನು ಹೇಳಿದ್ದು.

ನನ್ನನ್ನು ಆಸ್ಪತ್ರೆಗೆ ಕಳಿಸಿದವಳೂ ಅಕ್ಕನೇ. "ಒಮ್ಮೆರೆ ತೋರಿಸೀ ಏನು?" ಎಂದು ಕೇಳಿದಳು. ತೋರಿಸಿರಲಿಲ್ಲ. ಇಷ್ಟು ವರ್ಷ ಹೋದ ಕಿವಿ ಈಗೇನು ಬರುತ್ತದೆ ಎಂದು ಬಿಟ್ಟಿದ್ದೆ. ಆಕೆ ಬಿಡಲಿಲ್ಲ. ಕೊನೆಗೆ ನಮ್ಮವ್ವನನ್ನು ಕರೆದುಕೊಂಡು ಬೀದರಿಗೆ ಹೋದೆ. ಯಾಕೋ ಅವ್ವ ಬರಲು ಒಲ್ಲೆ ಎಂದಳು. ನಾನೇ ಒತ್ತಾಯಿಸಿದೆ.

ಡಾಕ್ಟರಮ್ಮ ಪರೀಕ್ಷೆಯೆಲ್ಲ ಮಾಡಿ ಅವ್ವನನ್ನು ಕೇಳಿದರು, ಆಗ ಬಂದ ಜ್ವರ ಎಂಥದಿತ್ತು ಎಂದು. ಗದ್ದ ಎರಡೂ ಕಡೆ ಊದಿತ್ತು, ಮಂಗನಬಾವು ಎಂದು ಅವ್ವ ಹೇಳಿದಳು. "ಅದರಿಂದಲೇ ಆಗಿದೆ. ಕಿವಿಯ ನರಕ್ಕೆ ಪೆಟ್ಟು ಬಿದ್ದಿದೆ. ಕೆಲವರಿಗೆ ಹಾಗಾಗುತ್ತದೆ," ಎಂದರು ಡಾಕ್ಟರಮ್ಮ. ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ ಎಂದೂ, ಬಲಗಿವಿಯನ್ನು ಜೋಪಾನ ಮಾಡಿಕೋ, ಸ್ಪೀಕರಿನ ಹತ್ತಿರ ಹೆಚ್ಚು ಹೊತ್ತು ಇರಬೇಡ ಎಂದೂ ಹೇಳಿದರು.

ಅವ್ವ ಕುರ್ಚಿಯಿಂದ ಏಳಲಿಲ್ಲ. "ಎಣ್ಣಿಯಿಂದ ಅಲ್ಲೇನ್ರಿ?" ಎಂದಳು.

"ಯಾವ ಎಣ್ಣೆ?"

"ಕಿವಿ ನೋಯತದ ಅಂತ ಅಳತಿತ್ತು ಕೂಸು. ಎಣ್ಣಿ ಕಾಸಿ ಹಾಕಿದ್ನಿ. ಭಾಳ ಬಿಸಿ ಇತ್ತೇನೋ. ಅದರ ಮರುದಿನದಿಂದ ಕೇಳಲಿಲ್ಲ ಅಕಿಗಿ."

ಡಾಕ್ಟರಮ್ಮ ಅವ್ವನ ಕೈ ಹಿಡಿದುಕೊಂಡರು. "ಇಲ್ಲಮ್ಮ. ಕಿವಿಯೊಳಗೆ ಸುಟ್ಟ ಗುರುತೇ ಇಲ್ಲ, ಪರದೆ ಚೆನ್ನಾಗಿದೆ. ನಿಮ್ಮಿಂದ ಆದದ್ದಲ್ಲ ಇದು."

ಹೊರಗೆ ಮೆಟ್ಟಿಲ ಮೇಲೆ ಅವ್ವ ಕೂತುಬಿಟ್ಟಳು. ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನೀ ನನ್ನ ಹ್ಯಾಂಗ ನೋಡತಿದ್ದಿ?" ಎಂದಳು. "ನೀ ತಲಿ ಹೊಳ್ಳಿಸಿ ಬಲಗಿವಿ ಕೊಟ್ಟು ಕೇಳೂದು ನೋಡಿದಾಗೆಲ್ಲ ನನ್ನ ಕೈ ಕಾಣಸ್ತಿತ್ತು ನನಗ."

ಅವತ್ತು ಬೀದರಿನಿಂದ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಬಲಕ್ಕೆ ಕೂತು ಹುಮನಾಬಾದ್ ಬರುವವರೆಗೂ ಮಾತಾಡಿದಳು. ನನ್ನ ಅವ್ವ ಅಷ್ಟು ಮಾತಿನವಳೆಂದು ನನಗೆ ಗೊತ್ತಿರಲಿಲ್ಲ. ಯಾರದೋ ಹಾಡನ್ನು ಕೇಳದೆ ಕತ್ತರಿಸಿದವಳು ನಾನು. ಅಕ್ಕ, ಅಣ್ಣ ಅದಕ್ಕೆ ಜಗಳವಾಡಿ ಹೋಗಿಬಿಡಬಹುದಿತ್ತು. ಹಾಗಾಗಿದ್ದರೆ ನಮ್ಮವ್ವ ಆ ಎಣ್ಣೆಯ ಬಟ್ಟಲನ್ನು ಎದೆಯಲ್ಲಿಟ್ಟುಕೊಂಡೇ ಇರುತ್ತಿದ್ದಳು. ಅವರಿಗೆ ನಾನು ಇದನ್ನೆಲ್ಲ ಸರಿಯಾಗಿ ಹೇಳಿಕೊಂಡೇ ಇಲ್ಲ. ಹೇಳಲು ಹೋದರೆ ಅಕ್ಕ, "ಇರ್ಲಿ ಬಿಡು, ರೊಟ್ಟಿ ತಿನ್ನು" ಎನ್ನುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಾಚಾ ನನ್ನ ಕಿವಿಯ ವಿಷಯ ಮತ್ತೆ ಎತ್ತಲಿಲ್ಲ. ಒಂದು ದಿನ ಬಂದು ನೋಡಿದರೆ ನನ್ನ ಕಂಪ್ಯೂಟರಿನ ಮೇಜು ಎದುರಿನ ಗೋಡೆಗೆ ಹೋಗಿತ್ತು. ಈಗ ಬಾಗಿಲೂ ಅವರು ಕೂರುವ ದುಡ್ಡಿನ ಗಲ್ಲೆಯೂ ನನ್ನ ಬಲಕ್ಕೆ. "ಅಲ್ಲಿ ಬಿಸಿಲು ಬೀಳತಿತ್ತು," ಎಂದರು. ಬಿಸಿಲು ಬೀಳುವುದು ಈಗಿನ ಜಾಗದಲ್ಲಿ.

ಈಗ ಯಾವ ಹಾಡು ಬಂದರೂ ಮೊದಲು ಹಾಡಿದವರನ್ನು ಹುಡುಕಿ ಫೋನ್ ಮಾಡುತ್ತೇನೆ. ಕೆಲವರು ಬೇಡ ಎನ್ನುತ್ತಾರೆ. ಬೇಮಳಖೇಡದ ಒಬ್ಬ ಕುರಿಗಾಹಿ ಅಜ್ಜ, "ನನ್ನ ಹಾಡಿಗಿ ಏನೂ ಕೂಡಿಸಬ್ಯಾಡವಾ, ಕುರಿ ಬೆದರತಾವ" ಎಂದ. ಅದನ್ನು ಹಾಗೇ ಬಿಟ್ಟೆ, ನನಗಾಗಿ ಕೇಳುತ್ತೇನೆ. ಒಪ್ಪಿದವರ ಹಾಡು ಮುಗಿದ ಮೇಲೆ ಮಂಠಾಳಕ್ಕೆ ಕಳಿಸುತ್ತೇನೆ. ಅಕ್ಕ ಕಳೆ ತೆಗೆಯುವ ಕೆಲಸದ ನಡುವೆ ಮರದ ಕೆಳಗೆ ಕೂತು ಕೇಳಿ ಮೆಸೇಜು ಮಾಡುತ್ತಾಳೆ. ಅದರಲ್ಲಿ ಅವಳ ಜೊತೆಗಾರ್ತಿಯರ ಅಭಿಪ್ರಾಯಗಳೂ ಇರುತ್ತವೆ. "ಎಡಕ್ಕ ಬರೋದು ಯಾವ ಸದ್ದದು ತಂಗಿ, ಹಂದಿ ಕೂಗಿದಂಗ ಅದ ಅನ್ನಾಕತ್ತಾರ ಇಕಿ" ಎಂಬಂಥವು. ಹೆಚ್ಚಿನ ಸಲ ಅವರು ಹೇಳುವುದು ಸರಿಯೇ ಇರುತ್ತದೆ.

ನಿನ್ನೆ ಅವರ ಹೊಸ ಹಾಡು ಬಂತು. ಹೆಸರುಕಾಳು ಬಿಡಿಸುತ್ತ ಕೂತ ಇಬ್ಬರು ವಾರಗಿತ್ತಿಯರು ಅತ್ತೆಯ ಬಗ್ಗೆ ಮಾತಾಡುವ ಹಾಡು. ಈ ಸಲ ಅಣ್ಣನೂ ನಡುವೆ ಒಂದು ಸಾಲು ಹಾಡಿದ್ದಾನೆ, ದನಿ ಅಷ್ಟೇನೂ ಚೆನ್ನಾಗಿಲ್ಲ. ಕೆಳಗೆ ಅಕ್ಕ ತನ್ನ ಮಾತು ಸೇರಿಸಿದ್ದಾಳೆ. "ಅವರ ಸಾಲು ತಗೀಬ್ಯಾಡ. ಉಳದದ್ದು ನಿನಗ ತಿಳದಂಗ ಮಾಡು." ಇವತ್ತು ಮಧ್ಯಾಹ್ನ ಊಟ ಮುಗಿಸಿ ಅದನ್ನು ತೆರೆದಿದ್ದೇನೆ.